ಒಂದೇ ಪದಕ್ಕೆ ನಾಲ್ಕು ಕುರ್ಚಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ತಮ್ಮ ಪತ್ರಿಕೆಯ ಒಂದೇ ದಿನದ ಸಂಚಿಕೆಯಲ್ಲಿ ‘ಸಲಹೆಗಾರ’ ಎಂಬ ಪದ ನಾಲ್ಕು ಕಡೆ ಕಣ್ಣಿಗೆ ಬಿತ್ತು. ಮುಖಪುಟದಲ್ಲಿ ಸಂಪುಟ ದರ್ಜೆಯ ಸ್ಥಾನಮಾನವುಳ್ಳ ಸಲಹೆಗಾರರೊಬ್ಬರ ಸುದ್ದಿ ಇತ್ತು, ಒಳಪುಟದಲ್ಲಿ ವಿದೇಶದ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಕೊಡಿಸುವುದಾಗಿ ಹೇಳಿಕೊಂಡ ‘ಶೈಕ್ಷಣಿಕ ಸಲಹೆಗಾರ’ರ ಜಾಹೀರಾತು ಇತ್ತು, ಜಿಲ್ಲಾ ಪುಟದಲ್ಲಿ ಶಾಲಾ ಕಾಲೇಜುಗಳು ‘ಮಾನಸಿಕ ಸಲಹೆಗಾರ’ರನ್ನು ನೇಮಿಸಿಕೊಳ್ಳಬೇಕೆಂಬ ವರದಿ ಇತ್ತು, ಅದರ ಕೆಳಗೇ, ಗಂಡ ಹೆಂಡಿರ ಜಗಳವೊಂದು ಠಾಣೆಯಲ್ಲಿ ‘ಸಲಹೆಗಾರರ ಸಮ್ಮುಖ’ದಲ್ಲಿ ರಾಜಿಯಾಯಿತೆಂಬ ನಾಲ್ಕು ಸಾಲಿನ ಸುದ್ದಿ ಇತ್ತು. ವರದಿಗಾರರ ತಪ್ಪೆಂದು ನಾನು ಹೇಳುತ್ತಿಲ್ಲ, ಏಕೆಂದರೆ ಜನರ ಬಾಯಲ್ಲಿ ಇರುವ ಪದವನ್ನೇ ಅವರು ಬರೆದಿದ್ದಾರೆ. ಆದರೆ ಈ ನಾಲ್ಕೂ ಜನ ಮಾಡುವ ಕೆಲಸ ಒಂದಕ್ಕೊಂದು ಸಂಬಂಧವಿಲ್ಲದ್ದು, ಕೆಲವು ಕಡೆ ಒಂದಕ್ಕೊಂದು ವಿರುದ್ಧವಾದದ್ದು. ಅವುಗಳಲ್ಲೊಂದು ಕುರ್ಚಿಯಲ್ಲಿ 14 ವರ್ಷ ಕುಳಿತಿದ್ದ ನನಗೆ ಈ ಗೊಂದಲದಿಂದ ಆಗುವ ಹಾನಿ ಏನೆಂಬುದು ಗೊತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾಗಿದೆ, ಮನ್ನಿಸಬೇಕು.

ತಾಲ್ಲೂಕು ಆಸ್ಪತ್ರೆಯೊಂದರ ಐಸಿಟಿಸಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆಗೆ ಬರುವವರೊಡನೆ ಪರೀಕ್ಷೆಗೆ ಮೊದಲೂ ನಂತರವೂ ಮಾತನಾಡುವ ಕೇಂದ್ರದಲ್ಲಿ, ನಾನು ಗುತ್ತಿಗೆ ಆಧಾರದ ಮೇಲೆ ಕೆಲಸ ಮಾಡುತ್ತಿದ್ದೆ. ಬಾಗಿಲ ಮೇಲಿನ ಫಲಕದಲ್ಲಿ ‘ಆಪ್ತ ಸಮಾಲೋಚಕರು’ ಎಂದು ಬರೆದಿತ್ತು. ಸರ್ಕಾರಿ ಕಚೇರಿಗಳಲ್ಲಿ ಆಪ್ತ ಸಹಾಯಕ, ಆಪ್ತ ಕಾರ್ಯದರ್ಶಿ ಎಂಬ ಹುದ್ದೆಗಳನ್ನು ಕಂಡು ಬಲ್ಲವರು ನನ್ನನ್ನು ಆಡಳಿತ ವೈದ್ಯಾಧಿಕಾರಿಗಳ ಪಿಎ ಎಂದು ತಿಳಿದು, ಅಂಗವೈಕಲ್ಯ ಪ್ರಮಾಣಪತ್ರದ ಅರ್ಜಿಗೆ ಅವರ ಸಹಿ ಹಾಕಿಸಿಕೊಡಿ ಎಂದು ಕೇಳಿಕೊಂಡು ಬರುತ್ತಿದ್ದರು. ಒಬ್ಬರಂತೂ ‘ಕೌನ್ಸೆಲರ್’ ಎಂಬುದನ್ನು ‘ಕೌನ್ಸಿಲರ್’ ಎಂದು ಕೇಳಿಸಿಕೊಂಡು ತಮ್ಮ ವಾರ್ಡಿನ ಚರಂಡಿಯ ದೂರು ಹೇಳಿ ಹೋದರು. ಇವೆಲ್ಲ ನಕ್ಕು ಮರೆಯುವ ಸಂಗತಿಗಳು. ಆದರೆ ಒಂದು ಜೂನ್ ತಿಂಗಳಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡ ಅರವತ್ತು ದಾಟಿದ ರೈತರೊಬ್ಬರು ಮಗಳ ಪಿಯುಸಿ ಅಂಕಪಟ್ಟಿ, ಸಿಇಟಿ ರ‍್ಯಾಂಕಿನ ಹಾಳೆ, ಜಾತಿ ಪ್ರಮಾಣಪತ್ರ, ಗ್ರಾಮೀಣ ಅಭ್ಯರ್ಥಿ ಪ್ರಮಾಣಪತ್ರಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಡಿಸಿಕೊಂಡು ಬಂದು ನನ್ನ ಮುಂದೆ ಇಟ್ಟು, “ಕೌನ್ಸೆಲಿಂಗ್ ಇಲ್ಲೇ ನಡೀತದೆ ಅಂದ್ರು” ಎಂದಾಗ ನಗಲು ಆಗಲಿಲ್ಲ. ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಚೇರಿಗೂ ನನ್ನ ಕೋಣೆಗೂ ಅವರು ಒಂದೇ ಹೆಸರು ಕೇಳಿದ್ದರು; ಅವರ ಮಟ್ಟಿಗೆ ಅದರಲ್ಲಿ ತಪ್ಪೇನೂ ಇರಲಿಲ್ಲ. ರ‍್ಯಾಂಕಿನ ಪ್ರಕಾರ ಸೀಟು ಹಂಚುವುದಕ್ಕೂ ಶಿಕ್ಷಕರ ವರ್ಗಾವಣೆಯಲ್ಲಿ ಜ್ಯೇಷ್ಠತೆಯ ಪ್ರಕಾರ ಖಾಲಿ ಶಾಲೆ ಆರಿಸಿಕೊಳ್ಳುವುದಕ್ಕೂ ‘ಕೌನ್ಸೆಲಿಂಗ್’ ಎಂದು ಹೆಸರಿಟ್ಟವರು ಸರ್ಕಾರದವರೇ. ಆ ಎರಡೂ ಕಡೆ ಯಾರೂ ಯಾರಿಗೂ ಸಲಹೆ ಕೊಡುವುದಿಲ್ಲ. ಪರದೆಯ ಮೇಲೆ ಪಟ್ಟಿ ಇರುತ್ತದೆ, ಆರಿಸಿಕೊಂಡು ಹೋಗಬೇಕು, ಅಷ್ಟೆ. ಅದನ್ನು ‘ಸೀಟು ಹಂಚಿಕೆ’, ‘ಸ್ಥಳ ಆಯ್ಕೆ’ ಎಂದು ಕರೆದರೆ ಯಾರಿಗೂ ನಷ್ಟವಿಲ್ಲ.

ನಮ್ಮ ಭಾಷೆಯಲ್ಲಿ ಈ ಕೆಲಸಗಳಿಗೆ ಪದಗಳ ಬರವಿದೆ ಎಂದು ಭಾವಿಸುವವರಿದ್ದಾರೆ. ವಾಸ್ತವವಾಗಿ ಪದಗಳು ಬೇಕಾದಷ್ಟಿವೆ, ಅವುಗಳ ನಡುವಿನ ಗೆರೆ ಅಳಿಸಿಹೋಗಿದೆ. ‘ಮಂತ್ರಿ’ ಎಂಬ ಪದವನ್ನೇ ನೋಡಿ. ಮಂತ್ರ ಎಂದರೆ ಗುಟ್ಟಾಗಿ ನಡೆಸುವ ಆಲೋಚನೆ. ದೊರೆಯ ಜೊತೆ ಕುಳಿತು ಅದನ್ನು ನಡೆಸುವವನು ಮಂತ್ರಿ. ಇಂದಿಗೂ ಸಂವಿಧಾನದ 163ನೇ ವಿಧಿಯ ಪ್ರಕಾರ ಮಂತ್ರಿಮಂಡಲ ಇರುವುದು ರಾಜ್ಯಪಾಲರಿಗೆ ನೆರವು ಮತ್ತು ಸಲಹೆ ನೀಡುವುದಕ್ಕೆ. ಅಂದರೆ ಕಾನೂನಿನ ಅಕ್ಷರದಲ್ಲಿ ಪ್ರತಿಯೊಬ್ಬ ಮಂತ್ರಿಯೂ ಸಲಹೆಗಾರನೇ; ಆ ಸಲಹೆಗಾರರಿಗೆ ಮತ್ತೆ ಸಲಹೆಗಾರರನ್ನು ನೇಮಿಸಿ, ಅವರಿಗೂ ಮಂತ್ರಿಗಳ ದರ್ಜೆ ಕೊಡುವ ಪದ್ಧತಿ ಪಕ್ಷಭೇದವಿಲ್ಲದೆ ಎಲ್ಲ ಸರ್ಕಾರಗಳಲ್ಲೂ ನಡೆದು ಬಂದಿದೆ. ಅದರ ಔಚಿತ್ಯದ ಚರ್ಚೆ ಈ ಪತ್ರದ ವಿಷಯವಲ್ಲವಾದ್ದರಿಂದ ಅಲ್ಲಿಗೆ ಬಿಡುತ್ತೇನೆ. ‘ಸಲಹೆ’ ಎಂಬುದು ಅರಬ್ಬಿ ಮೂಲದಿಂದ ಉರ್ದು, ಮರಾಠಿಗಳ ಹಾದಿಯಲ್ಲಿ ನಮ್ಮಲ್ಲಿಗೆ ಬಂದು ಮನೆಮಾತಾದ ಪದ. ಇಂಥದ್ದನ್ನು ಮಾಡು, ಇಂಥದ್ದನ್ನು ಮಾಡಬೇಡ ಎಂದು ತಿಳಿದವನು ತಿಳಿಯದವನಿಗೆ ಹೇಳುವುದು ಅದರ ಇಂದಿನ ಅರ್ಥ. ‘ಸಮಾಲೋಚನೆ’ ಹಾಗಲ್ಲ, ಅದು ಜೊತೆಯಲ್ಲಿ ಕುಳಿತು ಆಲೋಚಿಸುವುದು. ಅದರ ಹಿಂದೆ ‘ಆಪ್ತ’ ಎಂದು ಸೇರಿಸಿದವರು ಯಾರೋ ನನಗೆ ತಿಳಿಯದು, ಆದರೆ ಅವರಿಗೆ ನಾನು ಕೈಮುಗಿಯುತ್ತೇನೆ. ಆಪ್ತ ಎಂದರೆ ಹತ್ತಿರದವನೂ ಹೌದು, ನಂಬತಕ್ಕವನೂ ಹೌದು. ತರ್ಕಶಾಸ್ತ್ರದಲ್ಲಿ ನಂಬತಕ್ಕವನ ಮಾತಿಗೆ ‘ಆಪ್ತವಾಕ್ಯ’ ಎಂದೇ ಹೆಸರು.

ಈ ಎರಡು ಪದಗಳ ನಡುವಿನ ಅಂತರ ನನಗೆ ತಿಳಿದದ್ದು ತರಬೇತಿಯಲ್ಲಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಗಂಡ ತೀರಿಕೊಂಡು ಎರಡು ತಿಂಗಳಾಗಿದ್ದ ಹೆಣ್ಣುಮಗಳೊಬ್ಬಳು ಪರೀಕ್ಷೆಗೆ ಬಂದಿದ್ದಳು. ಸೋಂಕು ಇರುವುದು ಖಚಿತವಾಯಿತು. ಬಹಳ ಹೊತ್ತು ಸುಮ್ಮನಿದ್ದು, “ಅತ್ತೆ ಮನೇಲಿ ಹೇಳ್ಬೇಕಾ ಸಾರ್?” ಎಂದಳು. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದ್ದ ನಾನು, ಪ್ರಾಮಾಣಿಕತೆಯ ಬಗ್ಗೆ ನನಗಿದ್ದ ಅಭಿಪ್ರಾಯವನ್ನೆಲ್ಲ ಅವಳ ಮೇಲೆ ಹೇರಿ, “ಹೇಳಿಬಿಡಮ್ಮ, ಮುಚ್ಚಿಟ್ಟಷ್ಟೂ ಕಷ್ಟ” ಎಂದೆ. ಹದಿನೈದು ದಿನ ಕಳೆದು ಅವಳು ಬಟ್ಟೆಯ ಗಂಟಿನೊಂದಿಗೆ ಮತ್ತೆ ಬಂದಳು. ಮೊದಲು ಅವಳ ತಟ್ಟೆ ಲೋಟ ಬೇರೆಯಾಗಿತ್ತು, ಆಮೇಲೆ ಅವಳ ಚಾಪೆ ಹೊರಜಗಲಿಗೆ ಬಂದಿತ್ತು, ಕೊನೆಗೆ ಗಂಡನ ಪಾಲಿನ ಜಮೀನಿನ ಮಾತು ಇನ್ನು ಎತ್ತಬಾರದೆಂದು ಹೇಳಿ ಮನೆಯಿಂದಲೇ ಕಳಿಸಿದ್ದರು. ಅವಳು ನನ್ನನ್ನು ಬೈಯಲಿಲ್ಲ. “ನೀವು ಹೇಳಿದಂಗೇ ಮಾಡ್ದೆ ಸಾರ್” ಎಂದಳು, ಅಷ್ಟೇ. ಆ ಮನೆಯಲ್ಲಿ ಯಾರಿದ್ದಾರೆ, ಆಸ್ತಿ ಯಾರ ಹೆಸರಿನಲ್ಲಿದೆ, ಅವಳ ತವರಿನವರು ಸೇರಿಸಿಕೊಳ್ಳುವವರೇ, ಈ ಒಂದನ್ನೂ ನಾನು ಕೇಳಿರಲಿಲ್ಲ. ಅವೆಲ್ಲ ಗೊತ್ತಿದ್ದದ್ದು ಅವಳಿಗೆ. ತೀರ್ಮಾನ ಕೊಟ್ಟವನು ನಾನು.

ಇದಕ್ಕೆ ಹೋಲಿಸಿ ನೋಡಲು ಇನ್ನೊಂದು ಪ್ರಸಂಗವನ್ನು, ಗುರುತು ಸಿಗದಂತೆ ಊರು ಕಸುಬುಗಳನ್ನು ತುಸು ಬದಲಿಸಿ ಹೇಳುತ್ತೇನೆ. 2019ರ ಆರಂಭದಲ್ಲಿ ಲಾರಿ ಚಾಲಕನೊಬ್ಬ ಬಂದಿದ್ದ. ತೆಂಗಿನಕಾಯಿ ಲೋಡು ಹೊತ್ತು ಉತ್ತರದ ಕಡೆ ಹೋಗಿ ಬರುವವನು. ನಮ್ಮಲ್ಲಿ ಒಂದೇ ಪರೀಕ್ಷೆ ನೋಡಿ ಸೋಂಕಿದೆ ಎಂದು ಹೇಳುವುದಿಲ್ಲ. ಬೇರೆ ಬೇರೆ ಮೂರು ಕಿಟ್‌ಗಳಲ್ಲಿ ಅದೇ ಫಲಿತಾಂಶ ಬಂದ ಮೇಲೆಯೇ ಹೇಳುವುದು. ಮೂರರಲ್ಲೂ ಬಂದಿತ್ತು. ಅವನ ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಬಸುರಿಯಿದ್ದಾಗ ಮಾಡಿದ ಪರೀಕ್ಷೆಯಲ್ಲಿ ಅವಳಿಗೆ ಸೋಂಕು ಇರಲಿಲ್ಲ. ಬಾಣಂತನ ಮುಗಿಸಿ ಮುಂದಿನ ತಿಂಗಳು ಬರುವವಳಿದ್ದಳು. ಹಾಲುಣಿಸುವ ತಾಯಿಗೆ ಆ ಕಾಲದಲ್ಲಿ ಹೊಸದಾಗಿ ಸೋಂಕು ತಗುಲಿದರೆ ಮಗುವಿಗೂ ಅಪಾಯ ಹೆಚ್ಚು. ಅವನು ಮೇಜಿನ ಮೇಲೆ ಎರಡೂ ಕೈ ಊರಿ, “ನೀವೇ ಒಂದ್ ಹೇಳ್ಬುಡಿ ಸಾ. ಹೇಳು ಅಂದ್ರೆ ಹೇಳ್ತೀನಿ, ಬ್ಯಾಡ ಅಂದ್ರೆ ಬುಡ್ತೀನಿ” ಎಂದ.

ಸಲಹೆಗಾರನಾಗಿದ್ದರೆ ಉತ್ತರ ಸುಲಭವಿತ್ತು, ಸರಿಯಾದ ಉತ್ತರ ಯಾವುದೆಂಬುದರಲ್ಲಿ ಸಂಶಯವೂ ಇರಲಿಲ್ಲ. ಆದರೂ ನಾನು ಹೇಳಲಿಲ್ಲ. ಹೆಂಡತಿ ಬಂದ ದಿನ ಮನೆಯಲ್ಲಿ ಯಾರು ಯಾರು ಇರುತ್ತಾರೆ ಎಂದು ಕೇಳಿದೆ. ತಾಯಿ, ಅಣ್ಣ, ಅತ್ತಿಗೆ, ಪಕ್ಕದ ಮನೆಯವರು ಮಗು ನೋಡಲು ಬರುವರು ಎಂದ. ಅಷ್ಟು ಹೇಳಿ ತಾನೇ, “ಹಂಗಾದ್ರೆ ಮನೇಲಾಗಲ್ಲ” ಎಂದ. ಹೇಳುವುದೋ ಬಿಡುವುದೋ ಎಂದು ನಿಂತಿದ್ದವನು ಎಲ್ಲಿ ಹೇಳುವುದು ಎಂಬಲ್ಲಿಗೆ ಬಂದಿದ್ದ. ಅದು ಅವನ ಹೆಜ್ಜೆ, ನನ್ನದಲ್ಲ. ಎರಡನೆಯ ಸಲ ಬಂದಾಗ ತಾನು ಹೇಳಬೇಕಾದ ಮಾತುಗಳನ್ನು ನನ್ನ ಮುಂದೆ ಒಮ್ಮೆ ಹೇಳಿ ನೋಡಿದ. ಮೊದಲ ವಾಕ್ಯದಲ್ಲೇ ಗಂಟಲು ಕಟ್ಟಿತು. ನೀರು ಕುಡಿದು ಮತ್ತೆ ಹೇಳಿದ. ಮೂರನೆಯ ಸಲ ಮಗುವಿನ ಚುಚ್ಚುಮದ್ದಿನ ದಿನ ನೋಡಿ ಹೆಂಡತಿಯನ್ನು ಕರೆದುಕೊಂಡೇ ಬಂದ. ಆ ಹೆಣ್ಣುಮಗಳು ಎಲ್ಲ ಕೇಳಿ ಮುಗಿಸಿ ಕೇಳಿದ ಮೊದಲ ಪ್ರಶ್ನೆ ಗಂಡನ ಬಗ್ಗೆ ಇರಲಿಲ್ಲ. “ಮಗೀಗೆ ಹಾಲು ಕೊಡ್ಬೋದಾ ಸಾರ್?” ಎಂದಳು. ಅಂದಿನ ಪರೀಕ್ಷೆಯಲ್ಲೂ ಮೂರು ತಿಂಗಳ ನಂತರದ ಪರೀಕ್ಷೆಯಲ್ಲೂ ಅವಳಿಗೆ ಸೋಂಕು ಇರಲಿಲ್ಲ.

ಅವನು ಹೇಳದೇ ಉಳಿದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಓದುಗರು ಕೇಳಬಹುದು, ಕೇಳಲೂಬೇಕು. ಅದಕ್ಕೆ ಕಾನೂನಿನಲ್ಲಿ ಉತ್ತರವಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಆರೋಗ್ಯ ಸಿಬ್ಬಂದಿಯ ಪೈಕಿ ಸೋಂಕಿತರ ಸಂಗಾತಿಗೆ ವಿಷಯ ತಿಳಿಸುವ ಅಧಿಕಾರ ವೈದ್ಯರು ಮತ್ತು ಆಪ್ತ ಸಮಾಲೋಚಕರನ್ನು ಬಿಟ್ಟು ಬೇರಾರಿಗೂ ಇಲ್ಲ. ಈ ಇಬ್ಬರಿಗೂ ಅದು ಸಲೀಸಾಗಿ ಸಿಗುವ ಅಧಿಕಾರವಲ್ಲ: ಸಂಗಾತಿಗೆ ಸೋಂಕು ತಗುಲುವ ಗಣನೀಯ ಅಪಾಯ ಇದೆಯೆಂದು ಅವರಿಗೆ ಅನ್ನಿಸಬೇಕು, ಸೋಂಕಿತ ವ್ಯಕ್ತಿಯೊಡನೆ ತಾನೇ ಹೇಳುವಂತೆ ಸಮಾಲೋಚನೆ ನಡೆಸಿರಬೇಕು, ಆದರೂ ಅವನು ಹೇಳುವುದಿಲ್ಲವೆಂದು ಮನದಟ್ಟಾಗಿರಬೇಕು, ತಾವು ಹೇಳಲಿದ್ದೇವೆ ಎಂಬುದನ್ನು ಅವನಿಗೆ ಮೊದಲೇ ತಿಳಿಸಿರಬೇಕು, ಆ ಮೇಲೆ ಸಂಗಾತಿಗೆ ಮುಖಾಮುಖಿಯಾಗಿಯೇ ಹೇಳಬೇಕು. ಹೇಳುವುದರಿಂದ ಹೊಡೆತ ಬಡಿತವಾಗಲಿ, ಮನೆಯಿಂದ ಹೊರಹಾಕುವುದಾಗಲಿ ಆಗಬಹುದೆಂಬ ಶಂಕೆ ಇದ್ದರೆ, ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ, ಹೇಳಲೇಬಾರದು. ನಾನು ಮೊದಲ ವರ್ಷ ಮಾಡಿದ ತಪ್ಪು ಸಂಗಾತಿಯ ವಿಷಯದ್ದಲ್ಲದಿದ್ದರೂ ಈ ಕೊನೆಯ ಮಾತನ್ನು ಓದಿದಾಗಲೆಲ್ಲ ಆ ಬಟ್ಟೆಯ ಗಂಟು ನೆನಪಿಗೆ ಬರುತ್ತದೆ. ಒಂದು ವೃತ್ತಿಗೆ ಕಾನೂನು ಇಷ್ಟು ನಾಜೂಕಾದ ಹೊಣೆಯನ್ನು ಹೆಸರಿಟ್ಟು ವಹಿಸಿರುವಾಗ, ಆ ವೃತ್ತಿಯವರನ್ನೂ ಸೀಟು ಕೊಡಿಸುವ ದಲ್ಲಾಳಿಯನ್ನೂ ಒಂದೇ ಪದದಿಂದ ಕರೆಯುವುದು ಸರಿಯೇ ಎಂಬುದು ನನ್ನ ಪ್ರಶ್ನೆ.

ಹಾಗೆಂದು ಸಮಾಲೋಚಕನಾದವನು ಎಂದೂ ಸಲಹೆಯನ್ನೇ ಕೊಡಬಾರದು, ಎಲ್ಲಕ್ಕೂ ತಲೆದೂಗುತ್ತ ‘ನಿಮಗೆ ಏನನ್ನಿಸುತ್ತದೆ’ ಎಂದು ಕೇಳುತ್ತ ಕೂರಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಹೊಸದಾಗಿ ತರಬೇತಿ ಪಡೆದು ಬಂದ ಹುಡುಗ ಹುಡುಗಿಯರಲ್ಲಿ ಈ ಖಾಯಿಲೆ ಕಂಡಿದ್ದೇನೆ. ಎಆರ್‌ಟಿ ಮಾತ್ರೆಯನ್ನು, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆಯನ್ನು, ದಿನವೂ ಹೊತ್ತಿಗೆ ಸರಿಯಾಗಿ ನುಂಗಬೇಕು, ಮೈ ಹುಷಾರಾಯಿತೆಂದು ಬಿಡಬಾರದು, ಬಿಟ್ಟರೆ ಔಷಧಿಗೆ ಬಗ್ಗದ ವೈರಸ್ ಬೆಳೆಯುತ್ತದೆ ಎಂಬುದರಲ್ಲಿ ರೋಗಿಯ ಅಭಿಪ್ರಾಯ ಕೇಳುವಂಥದ್ದು ಏನೂ ಇಲ್ಲ; ಅದನ್ನು ಖಡಾಖಂಡಿತವಾಗಿ ಹೇಳಬೇಕು, ಎರಡು ಸಲ ಹೇಳಬೇಕು, ಅವರ ಬಾಯಲ್ಲಿ ಹೇಳಿಸಬೇಕು. ಸೋಂಕಿರುವ ಗರ್ಭಿಣಿಗೆ ಚಿಕಿತ್ಸೆಯೇ ಇಲ್ಲದಿದ್ದರೆ ನೂರಕ್ಕೆ 15ರಿಂದ 45ರಷ್ಟು ಸಂದರ್ಭಗಳಲ್ಲಿ ಮಗುವಿಗೆ ಸೋಂಕು ದಾಟಬಹುದು, ಸರಿಯಾಗಿ ಚಿಕಿತ್ಸೆ ಪಡೆದರೆ ಆ ಪ್ರಮಾಣವನ್ನು 5ಕ್ಕಿಂತ ಕೆಳಗೆ ಇಳಿಸಬಹುದು ಎನ್ನುವುದು ವೈದ್ಯಕೀಯ ಸಂಗತಿ. ಅಲ್ಲಿ ಸಂಕೋಚ ಪಟ್ಟರೆ ಕೆಟ್ಟಿತು. ಒಂದೇ ಕುರ್ಚಿಯಲ್ಲಿ ಕುಳಿತವನು ಮಾತ್ರೆಯ ವಿಷಯದಲ್ಲಿ ಸಲಹೆಗಾರ, ಬದುಕಿನ ವಿಷಯದಲ್ಲಿ ಸಮಾಲೋಚಕ. ಯಾವ ಗಳಿಗೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಹೊರಳಬೇಕು ಎಂಬುದನ್ನು ಕಲಿಯುವುದಕ್ಕೇ ನನಗೆ ನಾಲ್ಕೈದು ವರ್ಷ ಹಿಡಿಯಿತು.

ಇನ್ನು ಠಾಣೆಯ ರಾಜಿಯ ಸುದ್ದಿಗೆ ಬರುತ್ತೇನೆ. ಕುಡಿದು ಹೊಡೆಯುವ ಗಂಡನ ಮೇಲೆ ದೂರು ಕೊಡಲು ಹೋದ ಹೆಣ್ಣುಮಗಳಿಗೆ, “ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಮ್ಮ, ನೀನೂ ಎದುರುತ್ತರ ಕೊಡಬೇಡ” ಎಂದು ಬುದ್ಧಿ ಹೇಳಿ ಕಳಿಸುವುದಕ್ಕೆ ನಮ್ಮ ಕಡೆ ಈಗ ‘ಕೌನ್ಸೆಲಿಂಗ್ ಮಾಡಿ ಕಳಿಸಿದ್ವಿ’ ಎನ್ನುತ್ತಾರೆ. ಊರಿನ ಪಂಚಾಯ್ತಿ ಕಟ್ಟೆಯ ಮೇಲೆ ಹಿಂದೆಯೂ ಇದೇ ನಡೆಯುತ್ತಿತ್ತು. ಅದಕ್ಕೆ ಆಗ ‘ನ್ಯಾಯ ಮಾಡುವುದು’ ಎಂಬ ಹೆಸರಿತ್ತು, ಮಾಡುವವರು ತಾವು ತೀರ್ಪು ಕೊಡುತ್ತಿದ್ದೇವೆ ಎಂಬುದನ್ನು ಮರೆಮಾಚುತ್ತಿರಲಿಲ್ಲ. ಈಗ ತೀರ್ಪು ಅದೇ, ಹೆಸರು ಮಾತ್ರ ಹೊಸದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 14ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರು ಸಮಾಲೋಚನೆಗೆ ಸೂಚಿಸಬಹುದೆಂದು ಇದೆ. ಆದರೆ ಅದರ ನಿಯಮಗಳನ್ನು, ಅಂದರೆ 2006ರಲ್ಲಿ ಬಂದ ನಿಯಮಗಳನ್ನು, ಓದಿದವರು ಕಡಿಮೆ. ಪ್ರಕರಣದಲ್ಲಿ ಆಸಕ್ತಿ ಇರುವವರು, ಯಾವುದೇ ಕಡೆಯ ಸಂಬಂಧಿಕರು ಸಮಾಲೋಚಕರಾಗುವಂತಿಲ್ಲ. ದೌರ್ಜನ್ಯ ಮತ್ತೆ ನಡೆಯುವುದಿಲ್ಲ ಎಂಬ ಭರವಸೆ ಪಡೆಯುವುದು ಸಮಾಲೋಚನೆಯ ಗುರಿ. ಎಲ್ಲಕ್ಕಿಂತ ಮುಖ್ಯವಾಗಿ, ತಾನು ಯಾಕೆ ಹೊಡೆದೆ ಎಂಬುದಕ್ಕೆ ಗಂಡ ಸಮರ್ಥನೆ ಕೊಡಲು ಅಲ್ಲಿ ಅವಕಾಶವೇ ಇಲ್ಲ. ಅವಕಾಶವಿಲ್ಲ ಎಂಬುದನ್ನು ಅವನಿಗೆ ಮೊದಲೇ ತಿಳಿಸಬೇಕು. ‘ಅವಳು ಎದುರುತ್ತರ ಕೊಟ್ಟಳು’ ಎಂಬ ಮಾತು ಕಾನೂನಿನ ಪ್ರಕಾರ ಆ ಕೋಣೆಯ ಒಳಗೆ ಬರುವಂತಿಲ್ಲ. ನಮ್ಮಲ್ಲಿ ಬಹಳ ಕಡೆ ಮಾತು ಶುರುವಾಗುವುದೇ ಅಲ್ಲಿಂದ. ಕೌಟುಂಬಿಕ ನ್ಯಾಯಾಲಯಗಳಿಗೂ 1984ರ ಕಾಯ್ದೆಯ ಪ್ರಕಾರ ಸಮಾಲೋಚಕರನ್ನು ಒದಗಿಸಬೇಕು. ಆ ನ್ಯಾಯಾಲಯಗಳ ಮೊದಲ ಕರ್ತವ್ಯ ರಾಜಿಯ ಪ್ರಯತ್ನವಾದ್ದರಿಂದ ಅಲ್ಲಿನ ಕೆಲಸಕ್ಕೆ ಬೇರೆಯದೇ ಸ್ವರೂಪವಿದೆ. ರಾಜಿ ಮಾಡಿಸುವವರನ್ನು ಮಧ್ಯಸ್ಥಿಕೆದಾರರೆಂದು ಕರೆಯೋಣ, ಅದು ಗೌರವದ ಕೆಲಸವೇ. ಅದರ ಹೆಸರಿನಲ್ಲಿ ಹೊಡೆತ ತಿಂದವಳಿಗೆ ಉಪದೇಶ ಮಾಡುವುದು ಬೇಡ.

ಜಾಹೀರಾತಿನ ಸಲಹೆಗಾರರ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇವರಿಗೆ ದುಡ್ಡು ಕೊಡುವವರು ಯಾರು? ಕಾಲೇಜಿನಿಂದ ತಲೆಗಿಷ್ಟು ಎಂದು ಕಮಿಷನ್ ಪಡೆಯುವವರು ಆ ಕಾಲೇಜಿನ ಮಾರಾಟಗಾರರು, ಪಾಲಕರ ಸಲಹೆಗಾರರಲ್ಲ. ವಿಮಾ ಏಜೆಂಟರ ಕಾರ್ಡಿನಲ್ಲಿ ‘ಆರ್ಥಿಕ ಸಲಹೆಗಾರ’ ಎಂದಿರುತ್ತದೆ; ರೋಗ ಬಿದ್ದ ಬೆಳೆಯ ಎಲೆ ಹಿಡಿದು ಅಂಗಡಿಗೆ ಹೋದ ರೈತನಿಗೆ ಸಲಹೆ ಕೊಡುವವನೂ ಔಷಧಿಯ ಡಬ್ಬಿ ಮಾರುವವನೂ ಒಬ್ಬನೇ ಆಗಿರುತ್ತಾನೆ. ಬಂಡವಾಳ ಮಾರುಕಟ್ಟೆಯ ವಿಷಯದಲ್ಲಿ ಅದರ ನಿಯಂತ್ರಕ ಸಂಸ್ಥೆಯಾದ ಸೆಬಿ ಈ ಅಪಾಯವನ್ನು ಗುರುತಿಸಿ, 2013ರಲ್ಲೇ ಹೂಡಿಕೆ ಸಲಹೆಗಾರರಿಗೆ ಪ್ರತ್ಯೇಕ ನಿಯಮ ತಂದು, ನೋಂದಣಿ ಕಡ್ಡಾಯ ಮಾಡಿ, ಸಲಹೆ ಕೊಡುವ ಕೆಲಸವನ್ನು ಮಾರುವ ಕೆಲಸದಿಂದ ಬೇರ್ಪಡಿಸುವ ಪ್ರಯತ್ನ ಮಾಡಿದೆ. ದುಡ್ಡಿನ ವಿಷಯದಲ್ಲಿ ಇರುವ ಈ ಎಚ್ಚರ ಮಕ್ಕಳ ಓದಿನ ವಿಷಯದಲ್ಲಿ ಇಲ್ಲ. ಧೃತರಾಷ್ಟ್ರನ ಆಸ್ಥಾನದಲ್ಲಿ ವಿದುರನೂ ಇದ್ದ, ಶಕುನಿಯೂ ಇದ್ದ. ಇಬ್ಬರೂ ಸಲಹೆಯನ್ನೇ ಕೊಡುತ್ತಿದ್ದರು. ವಿದುರನಿಗೆ ಆ ಸಲಹೆಯಿಂದ ಲಾಭವಿರಲಿಲ್ಲ, ಬೈಗುಳ ಮಾತ್ರ ಸಿಕ್ಕಿತು.

ಈ ಪತ್ರಕ್ಕೆ ತುರ್ತಿನ ಕಾರಣವೆಂದರೆ ಶಾಲೆಗಳ ವರದಿ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಕನಿಷ್ಠ ಒಬ್ಬ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನು ಹೊಂದಿರಬೇಕು. ಅಷ್ಟು ಮಕ್ಕಳಿಲ್ಲದ ಕಡೆ ಹೊರಗಿನ ತಜ್ಞರೊಡನೆ ಸಂಪರ್ಕದ ವ್ಯವಸ್ಥೆ ಇರಬೇಕು. ಬಹಳ ಒಳ್ಳೆಯ ಆದೇಶ. ಆದರೆ ನಮ್ಮೂರ ಹತ್ತಿರದ ಒಂದು ಶಾಲೆಯಲ್ಲಿ ಇದನ್ನು ಪಾಲಿಸಿದ ಬಗೆಯನ್ನು ಕಂಡೆ: ದೈಹಿಕ ಶಿಕ್ಷಣದ ಮೇಷ್ಟ್ರ ಕೋಣೆಯ ಬಾಗಿಲಿಗೆ ‘ಸ್ಟೂಡೆಂಟ್ ಕೌನ್ಸೆಲರ್’ ಎಂಬ ಇನ್ನೊಂದು ಫಲಕ ಬಿದ್ದಿತ್ತು. ಸೀಟಿ ಊದಿ ಸಾಲು ನೇರ ಮಾಡಿಸುವ, ತಡವಾಗಿ ಬಂದವರನ್ನು ಗೇಟಿನಲ್ಲಿ ನಿಲ್ಲಿಸುವ ಅದೇ ಮೇಷ್ಟ್ರಲ್ಲಿ ಮಗು ತನ್ನ ಮನಸ್ಸು ಬಿಚ್ಚಬೇಕು. ಅವರು ಒಳ್ಳೆಯವರು, ನನಗೆ ಪರಿಚಿತರೂ ಹೌದು. “ನಾನು ಏನ್ ಹೇಳ್ಲಿ ಸಾರ್, ಚೆನ್ನಾಗಿ ಓದ್ರಪ್ಪ, ಮೊಬೈಲ್ ನೋಡ್ಬೇಡಿ ಅಂತೀನಿ” ಎಂದರು. ಸಲಹೆಗಾರರನ್ನು ನೇಮಿಸಿ ಎಂದು ಆ ಆದೇಶವನ್ನು ಕನ್ನಡದಲ್ಲಿ ಓದಿದ ಆಡಳಿತ ಮಂಡಳಿಗೆ ಇದರಲ್ಲಿ ಏನು ಕೊರತೆ ಕಾಣಬೇಕು? ಸಲಹೆ ಕೊಡಲು ಯಾರಿಗೆ ಬರುವುದಿಲ್ಲ? ಮಗುವಿಗೆ ಮನೆಯಲ್ಲಿ, ಟ್ಯೂಷನ್‌ನಲ್ಲಿ, ಬಸ್ಸಿನಲ್ಲಿ ಸಿಗುವುದೆಲ್ಲ ಸಲಹೆಯೇ. ಅದು ಸಾಲದಾದಾಗ ತಾನೇ ಇನ್ನೊಬ್ಬರು ಬೇಕಾಗಿರುವುದು.

ಕಾನೂನು ಈ ದಿಕ್ಕಿನಲ್ಲಿ ಸ್ವಲ್ಪ ಮುಂದೆ ಹೋಗಿದೆ. ಕ್ಲಿನಿಕಲ್ ಸೈಕಾಲಜಿಸ್ಟರು 1992ರ ಕಾಯ್ದೆಯ ಅಡಿಯ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಉಳಿದ ಮನಶ್ಶಾಸ್ತ್ರಜ್ಞರು, ಆರೋಗ್ಯ ಸಮಾಲೋಚಕರು, ನಮ್ಮಂಥ ಎಚ್‌ಐವಿ ಸಮಾಲೋಚಕರು ಮುಂತಾದವರನ್ನು 2021ರ ಸಂಯೋಜಿತ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತನ್ನ ಅನುಸೂಚಿಗೆ ಸೇರಿಸಿಕೊಂಡಿದೆ. ಅದು ಪೂರ್ತಿ ಜಾರಿಗೆ ಬಂದು ಪ್ರತಿ ತಾಲ್ಲೂಕಿನ ಜನರೂ ಫಲಕ ನೋಡಿ ನೋಂದಣಿ ಸಂಖ್ಯೆ ಕೇಳುವ ಕಾಲ ಬರುವವರೆಗೆ, ಮೂರು ದಿನದ ಶಿಬಿರ ಮುಗಿಸಿ ಫಲಕ ಹಾಕಿದವರನ್ನೂ ಎರಡು ವರ್ಷ ಓದಿ ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ ಕೆಲಸ ಕಲಿತವರನ್ನೂ ಬೇರೆ ಮಾಡಿ ತೋರಿಸುವುದಕ್ಕೆ ನಮ್ಮಲ್ಲಿರುವುದು ಪದಗಳು ಮಾತ್ರ. ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ ಇಷ್ಟು. ಸೀಟು ಹಂಚಿಕೆಯನ್ನು ಹಂಚಿಕೆಯೆಂದೇ ಬರೆಯಿರಿ. ರಾಜಿ ಮಾಡಿಸಿದವರನ್ನು ಮಧ್ಯಸ್ಥರೆನ್ನಿ. ಕಮಿಷನ್ ಪಡೆಯುವವರನ್ನು ಏಜೆಂಟರೆನ್ನಿ. ವಿಷಯ ಬಲ್ಲವರಾಗಿ ಸರ್ಕಾರಕ್ಕೋ ಸಂಸ್ಥೆಗೋ ದಾರಿ ಹೇಳುವವರಿಗೆ ಸಲಹೆಗಾರ ಎಂಬ ಪದವನ್ನು ಬಿಟ್ಟುಕೊಡಿ. ಶಾಲೆಗೆ, ಆಸ್ಪತ್ರೆಗೆ, ನೊಂದ ಮಹಿಳೆಯರ ಸಾಂತ್ವನ ಕೇಂದ್ರಕ್ಕೆ ಬೇಕಾದವರು ಆಪ್ತ ಸಮಾಲೋಚಕರು. ಆತ್ಮಹತ್ಯೆಯ ಸುದ್ದಿಗಳ ಕೆಳಗೆ ತಾವು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಅಚ್ಚು ಹಾಕುವುದು ಸ್ತುತ್ಯ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಆ ಸೇವೆಯ ರಾಷ್ಟ್ರಮಟ್ಟದ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಎಂಬುದನ್ನೂ, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು ಎಂಬುದನ್ನೂ ಒಂದು ಸಾಲು ಸೇರಿಸಿದರೆ ಫೋನು ಕೈಗೆತ್ತಿಕೊಂಡು ಹಿಂಜರಿಯುವವರಿಗೆ ಅನುಕೂಲ.

ಕೊನೆಯದಾಗಿ, ಈ ಪತ್ರವನ್ನು ಪ್ರಕಟಿಸುವುದಾದರೆ ದಯಮಾಡಿ ನನ್ನ ಹೆಸರನ್ನೂ ಊರನ್ನೂ ಹಾಕಬೇಡಿ; ತಮ್ಮ ಮಾಹಿತಿಗೆಂದು ಅವನ್ನು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದ್ದೇನೆ. ಸಂಕೋಚ ನನ್ನದಲ್ಲ. ನಾನಿರುವ ಊರು ಚಿಕ್ಕದು. ನನ್ನ ಕೋಣೆಗೆ ಬಂದುಹೋದವರು ಈಗಲೂ ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಎದುರಾಗುತ್ತಾರೆ. ಅವರಾಗಿ ಮಾತನಾಡಿಸಿದರೆ ಮಾತನಾಡುತ್ತೇನೆ. ಮುಖ ತಿರುಗಿಸಿದರೆ ನಾನೂ ಅವರನ್ನು ಕಂಡೇ ಇಲ್ಲದವನಂತೆ ಮುಂದೆ ಹೋಗುತ್ತೇನೆ. ಮೊನ್ನೆ ಶನಿವಾರದ ಸಂತೆಯಲ್ಲಿ ಒಂದು ಹುಡುಗಿ ಅಪ್ಪನ ಕೈ ಹಿಡಿದುಕೊಂಡು ಬೆಂಡು ಬತ್ತಾಸಿನ ಅಂಗಡಿಯ ಮುಂದೆ ನಿಂತಿತ್ತು. ಅಪ್ಪ ನನ್ನನ್ನು ನೋಡಿದ, ಒಂದು ಕ್ಷಣ ತಡೆದು, ಹುಬ್ಬು ಮಾತ್ರ ಮೇಲೆತ್ತಿ, ಮತ್ತೆ ಚೌಕಾಸಿಗೆ ತಿರುಗಿಕೊಂಡ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಆಪ್ತ ಸಮಾಲೋಚಕ